ಅಮೆರಿಕದಲ್ಲಿ ಎರಡು ವರ್ಷದ ಫ್ಯಾಷನ್ ಡಿಸೈನ್ ಡಿಗ್ರಿ: ಪದೇ ಪದೇ ಕೇಳುವ ಪ್ರಶ್ನೆಗಳು

ಈ ಪ್ರಶ್ನೆಗಳನ್ನು ಕೇಳುವವರಲ್ಲಿ ಮೂರು ತರದವರಿದ್ದಾರೆ. ಪಿಯುಸಿ ಅಥವಾ ಡಿಗ್ರಿ ಮುಗಿಸಿ ಅಮೆರಿಕಕ್ಕೆ ಓದಲು ಬರಬೇಕು ಅನ್ನುವವರು. ಮದುವೆಯಾಗಿ ಇಲ್ಲಿಗೆ ಬಂದು, ಮನೆಯಲ್ಲಿ ಸುಮ್ನೆ ಕೂರಲು ಮನಸ್ಸಿಲ್ಲದವರು. ಇಲ್ಲೇ ಹೈಸ್ಕೂಲ್ ಓದುತ್ತಿರುವ ಮಕ್ಕಳ ಅಪ್ಪ ಅಮ್ಮಂದಿರು. ಯಾರಿಗೆ ಯಾವುದು ಬೇಕೋ ಅದನ್ನು ಓದಿಕೊಳ್ಳಿ.

ಎರಡು ವರ್ಷದ ಡಿಗ್ರಿ ಅಂದರೆ ಡಿಪ್ಲೊಮಾನಾ?

ಅಲ್ಲ, ಡಿಗ್ರಿಯೇ. ಹೆಸರು ಅಸೋಸಿಯೇಟ್ ಡಿಗ್ರಿ. ನಾಲ್ಕು ಸೆಮಿಸ್ಟರ್, ಒಟ್ಟು 60 ಕ್ರೆಡಿಟ್ ಆಸುಪಾಸು. ಬ್ಯಾಚುಲರ್ ಡಿಗ್ರಿಗೆ ಸುಮಾರು 120 ಬೇಕು, ಹಾಗಾಗಿ ಇದು ಅದರ ಅರ್ಧ.

ಇದರಲ್ಲೂ ಎ.ಎ., ಎ.ಎಸ್., ಎ.ಎ.ಎಸ್. ಅಂತ ಬಗೆಗಳಿವೆ. ಫ್ಯಾಷನ್ ಡಿಸೈನ್‌ನಲ್ಲಿ ಹೆಚ್ಚಾಗಿ ಸಿಗುವುದು ಎ.ಎ.ಎಸ್., ಅಂದರೆ ಅಸೋಸಿಯೇಟ್ ಇನ್ ಅಪ್ಲೈಡ್ ಸೈನ್ಸ್. ಇದು ಕೆಲಸಕ್ಕೆ ತಯಾರು ಮಾಡುವ ಡಿಗ್ರಿ. ಇತಿಹಾಸ, ಇಂಗ್ಲಿಷ್ ಮುಂತಾದ ಪಾಠಗಳು ಕಡಿಮೆ, ಕತ್ತರಿ ಹಿಡಿಯುವ ಪಾಠಗಳು ಜಾಸ್ತಿ. ಮುಂದೆ ನಾಲ್ಕು ವರ್ಷದ ಕಾಲೇಜಿಗೆ ಹೋಗುವ ಆಲೋಚನೆ ಇದ್ದರೆ ಈ ಅಕ್ಷರಗಳನ್ನು ಸೇರುವ ಮೊದಲೇ ನೋಡಿಕೊಳ್ಳಿ. ಯಾಕೆ ಅಂತ ಮುಂದೆ ಬರುತ್ತದೆ.

ನನಗೆ ಚಿತ್ರ ಬಿಡಿಸಲು ಬರಲ್ಲ. ಸೇರಬಹುದಾ?

ಎಲ್ಲರೂ ಮೊದಲು ಕೇಳುವುದು ಇದನ್ನೇ. ಸೇರಬಹುದು. ಫ್ಯಾಷನ್ ಸ್ಕೆಚ್‌ಗೆ ಒಂದು ಲೆಕ್ಕ ಇದೆ. ನಿಜವಾದ ಮನುಷ್ಯನ ಎತ್ತರ ಸುಮಾರು ಏಳೂವರೆ ತಲೆಯಷ್ಟು, ಸ್ಕೆಚ್‌ನ ಆಕೃತಿ ಒಂಬತ್ತು ಹತ್ತು ತಲೆಯಷ್ಟು. ಆ ಅಳತೆ ಕೈಗೆ ಹತ್ತಿದರೆ ಒಂದು ಸೆಮಿಸ್ಟರ್‌ನಲ್ಲಿ ಮರ್ಯಾದೆ ಉಳಿಸಿಕೊಳ್ಳುವಷ್ಟು ಬರುತ್ತದೆ.

ಕೆಲಸದಲ್ಲಿ ಜಾಸ್ತಿ ಬೇಕಾಗುವುದು ಬೇರೆ ತರದ ಚಿತ್ರ. ಅದಕ್ಕೆ ಫ್ಲಾಟ್ ಅನ್ನುತ್ತಾರೆ. ಬಟ್ಟೆಯನ್ನು ಮೇಜಿನ ಮೇಲೆ ಹಾಸಿ ಮೇಲಿನಿಂದ ನೋಡಿದ ಹಾಗೆ ಮುಂಭಾಗ, ಹಿಂಭಾಗ, ಪ್ರತಿ ಹೊಲಿಗೆ, ಪ್ರತಿ ಗುಂಡಿ. ಅದರಲ್ಲಿ ಕಲಾವಿದನ ಕೈಚಳಕಕ್ಕಿಂತ ಚೊಕ್ಕತನ ಮುಖ್ಯ. ನಿಜ ಹೇಳಬೇಕೆಂದರೆ, ಚಂದ ಚಿತ್ರ ಬಿಡಿಸುವವರೇ ಈ ಕೋರ್ಸ್‌ನಲ್ಲಿ ಜಾಸ್ತಿ ಒದ್ದಾಡುತ್ತಾರೆ. ಕಾಗದದ ಮೇಲೆ ತೇಲುವ ಗೌನು ಬರೆದಿರುತ್ತಾರೆ. ಅದಕ್ಕೆ ಹೊಲಿಗೆ ಎಲ್ಲಿ, ಜಿಪ್ ಎಲ್ಲಿ, ತಲೆ ಎಲ್ಲಿಂದ ತೂರುತ್ತದೆ ಅಂತ ಕೇಳಿದರೆ ಉತ್ತರ ಇರುವುದಿಲ್ಲ.

ಬ್ಲೌಸ್ ಹೊಲಿಯಲು ಬರುತ್ತದೆ. ಅದು ಲೆಕ್ಕಕ್ಕೆ ಬರುತ್ತಾ?

ಖಂಡಿತ ಬರುತ್ತದೆ. ಲೈನಿಂಗ್ ಕೊಟ್ಟ ಪ್ರಿನ್ಸೆಸ್ ಕಟ್ ಬ್ಲೌಸ್ ಮೈಗೆ ಕೂರುವ ಹಾಗೆ ಹೊಲಿಯಬಲ್ಲವರು ಮೊದಲ ಸೆಮಿಸ್ಟರ್‌ನ ಹೊಲಿಗೆ ಪಾಠವನ್ನು ಆರಾಮಾಗಿ ದಾಟುತ್ತಾರೆ. ಆದರೆ ಎರಡು ಅಭ್ಯಾಸ ಬಿಡಬೇಕಾಗುತ್ತದೆ.

ಒಂದು, ಮಾರ್ಜಿನ್. ನಮ್ಮ ಟೈಲರ್‌ಗಳು ಪಕ್ಕದ ಹೊಲಿಗೆಯ ಒಳಗೆ ಧಾರಾಳವಾಗಿ ಬಟ್ಟೆ ಬಿಡುತ್ತಾರೆ. ಮುಂದೆ ದಪ್ಪಗಾದರೆ ಬಿಚ್ಚಿಕೊಳ್ಳಲಿ ಅಂತ. ರೆಡಿಮೇಡ್ ಉಡುಪಿನಲ್ಲಿ ಅದು ನಡೆಯಲ್ಲ. ಪಕ್ಕಕ್ಕೆ ಅರ್ಧ ಇಂಚು, ಕತ್ತಿನ ಸುತ್ತ ಕಾಲು ಇಂಚು, ಹೀಗೆ ನಿಗದಿಯಾಗಿರುತ್ತದೆ. ಸಾವಿರ ಪೀಸ್ ಹೊಲಿಯುವಾಗ ಕಾಲು ಇಂಚು ಬಟ್ಟೆಗೂ ದುಡ್ಡಿನ ಲೆಕ್ಕ ಇರುತ್ತದೆ.

ಎರಡು, ಅಳತೆ ಬ್ಲೌಸ್. ಹಳೆಯದೊಂದನ್ನು ಕೊಟ್ಟು "ಇದೇ ತರ ಹೊಲೀರಿ" ಅನ್ನುವ ಪದ್ಧತಿ ಇಲ್ಲಿಲ್ಲ. ಒಬ್ಬರ ಮೈಗಲ್ಲ, ಒಂದು ಸೈಜಿಗೆ ಹೊಲಿಯಬೇಕು. ಅದನ್ನೇ ಚಿಕ್ಕದು ದೊಡ್ಡದು ಮಾಡಿ ಉಳಿದ ಸೈಜುಗಳನ್ನು ತೆಗೆಯಬೇಕು. ಇದಕ್ಕೆ ಗ್ರೇಡಿಂಗ್ ಅನ್ನುತ್ತಾರೆ.

ಮೆಷಿನ್ ಬಗ್ಗೆ ಒಂದು ಎಚ್ಚರಿಕೆ. ಕಾಲೇಜಿನ ಲ್ಯಾಬಿನಲ್ಲಿ ಇರುವುದು ಕಾರ್ಖಾನೆಯ ಜೂಕಿ ತರದ ಮೆಷಿನ್‌ಗಳು. ನಿಮಿಷಕ್ಕೆ ನಾಲ್ಕೈದು ಸಾವಿರ ಹೊಲಿಗೆ ಓಡುತ್ತವೆ. ಕಾಲು ತುಳಿಯುವ ಮೆಷಿನ್‌ನಲ್ಲಿ ಪಳಗಿದವರು ಮೊದಲ ದಿನ ಪೆಡಲ್ ಮುಟ್ಟಿದ ತಕ್ಷಣ ಬಟ್ಟೆ ಸರ್ರನೆ ಆಚೆ ಹೋಗಿಬಿಡುತ್ತದೆ. ವಾರದಲ್ಲಿ ಸರಿಹೋಗುತ್ತದೆ.

ಏನೂ ಹೊಲಿಯಲು ಬರದಿದ್ದರೆ?

ಕಲಿಸುತ್ತಾರೆ. ಸಾಧ್ಯವಾದರೆ ಸೇರುವ ಮೊದಲು ಒಂದು ತಲೆದಿಂಬಿನ ಕವರ್, ಒಂದು ಎಲಾಸ್ಟಿಕ್ ಲಂಗ ಹೊಲಿದು ನೋಡಿ.

ಎರಡು ವರ್ಷದಲ್ಲಿ ನಿಜವಾಗಿ ಏನು ಕಲಿಸುತ್ತಾರೆ?

ಕಾಲೇಜಿನ ಬ್ರೋಷರ್‌ನಲ್ಲಿ ಟ್ರೆಂಡ್, ಇಲಸ್ಟ್ರೇಷನ್, ಫ್ಯಾಷನ್ ಇತಿಹಾಸ ಅಂತೆಲ್ಲ ಇರುತ್ತದೆ. ಅದೆಲ್ಲ ಇದೆ, ಸುಳ್ಳಲ್ಲ. ಆದರೆ ನನ್ನನ್ನು ಕೇಳಿದರೆ ಈ ಡಿಗ್ರಿಯ ಜೀವ ಇರುವುದು ಪ್ಯಾಟರ್ನ್‌ನಲ್ಲಿ, ಅಂದರೆ ಬಟ್ಟೆ ಕತ್ತರಿಸಲು ಬಳಸುವ ಕಾಗದದ ಅಚ್ಚಿನಲ್ಲಿ. ಚಪ್ಪಟೆ ಬಟ್ಟೆಯನ್ನು ಉಬ್ಬು ತಗ್ಗಿನ ಮೈಮೇಲೆ ಕೂರಿಸುವ ವಿದ್ಯೆ ಅದು. ಎರಡು ವರ್ಷದಲ್ಲಿ ಅದೊಂದು ಕೈವಶವಾದರೆ ಕೊಟ್ಟ ಫೀಸು ವಸೂಲಾದ ಹಾಗೆ.

ಇದಕ್ಕೆ ಎರಡು ದಾರಿ. ಒಂದು ಕಾಗದದ ಮೇಲೆ ಅಳತೆ ಹಾಕಿ ಗೆರೆ ಎಳೆಯುವ ಫ್ಲಾಟ್ ಪ್ಯಾಟರ್ನ್. ಇನ್ನೊಂದು ಡ್ರೇಪಿಂಗ್, ಅಂದರೆ ಡ್ರೆಸ್ ಫಾರ್ಮ್ (ಮೈಯಾಕಾರದ ಗೊಂಬೆ) ಮೇಲೆ ನೇರವಾಗಿ ಬಟ್ಟೆ ಹಾಕಿ ಪಿನ್ ಚುಚ್ಚುತ್ತಾ ಆಕಾರ ಹುಡುಕುವುದು. ಎರಡನ್ನೂ ಕಲಿಸುತ್ತಾರೆ.

ಕಾಗದದ ದಾರಿಯಲ್ಲಿ ಮೊದಲು ಸಿಗುವ ಸೋಜಿಗ ಅಂದರೆ ಡಾರ್ಟ್ ತಿರುಗಿಸುವುದು. ನಮ್ಮ ಟೈಲರ್‌ಗಳು ಟಕ್ ಅನ್ನುತ್ತಾರಲ್ಲ, ಅದೇ. ಮುಂಭಾಗದ ಪ್ಯಾಟರ್ನ್‌ನಲ್ಲಿ ಪಕ್ಕದ ಹೊಲಿಗೆಯಿಂದ ಎದೆಯ ತುದಿಗೆ ಒಂದು ಡಾರ್ಟ್ ಇದೆ ಅಂದುಕೊಳ್ಳಿ. ಅದು ಭುಜದಲ್ಲಿ ಬೇಕು. ಭುಜದ ನಡುವಿನಿಂದ ಎದೆಯ ತುದಿಯವರೆಗೆ ಗೆರೆ ಎಳೆದು ಕತ್ತರಿಸಿ. ಪಕ್ಕದ ಡಾರ್ಟನ್ನು ಮಡಿಸಿ ಟೇಪ್ ಹಚ್ಚಿ ಮುಚ್ಚಿ. ಭುಜದಲ್ಲಿ ಕತ್ತರಿಸಿದ ಜಾಗ ತಾನಾಗಿಯೇ ಬಾಯಿ ಬಿಡುತ್ತದೆ. ಎಷ್ಟು ಕೋನ ಇಲ್ಲಿ ಮುಚ್ಚಿತೋ ಅಷ್ಟೇ ಕೋನ ಅಲ್ಲಿ ತೆರೆಯಿತು. ಎದೆಯ ಉಬ್ಬಿಗೆ ಬೇಕಾದ ಬಟ್ಟೆ ಎಲ್ಲಿಗೂ ಹೋಗಿಲ್ಲ, ಜಾಗ ಬದಲಿಸಿದೆ ಅಷ್ಟೆ. ಅದೇ ಡಾರ್ಟನ್ನು ಕತ್ತಿನಲ್ಲಿ ನೆರಿಗೆ ಮಾಡಬಹುದು. ಭುಜದ ಡಾರ್ಟಿಗೆ ಸೊಂಟದ ಡಾರ್ಟನ್ನು ಕೂಡಿಸಿ ಪ್ರಿನ್ಸೆಸ್ ಕಟ್ ಮಾಡಬಹುದು. ಇದು ಒಮ್ಮೆ ತಲೆಗೆ ಹೊಕ್ಕಿತು ಅಂದರೆ, ದಾರಿಯಲ್ಲಿ ಹೋಗುವವರ ಡ್ರೆಸ್ ನೋಡಿ "ಡಾರ್ಟ್ ಎಲ್ಲಿ ಬಚ್ಚಿಟ್ಟಿದ್ದಾರೆ" ಅಂತ ಹುಡುಕಲು ಶುರು ಮಾಡುತ್ತೀರಿ.

ಆಮೇಲೆ ತೋಳು. ತೋಳಿನ ಮೇಲಂಚಿನ ಉದ್ದ ಆರ್ಮ್‌ಹೋಲ್‌ಗಿಂತ ಸುಮಾರು ಒಂದು ಇಂಚು ಜಾಸ್ತಿ ಇರುತ್ತದೆ. ಆ ಒಂದು ಇಂಚನ್ನು ಒಂದೂ ನೆರಿಗೆ ಕಾಣದ ಹಾಗೆ ಒಳಗೆ ಕೂರಿಸಬೇಕು. ಎಡಗೈ ಬಲಗೈ ಅದಲು ಬದಲಾಗದಿರಲಿ ಅಂತ ಮುಂದೆ ಒಂದು ನಾಚ್ (ಅಂಚಿನಲ್ಲಿ ಗುರುತಿಗೆ ಹಾಕುವ ಸಣ್ಣ ಕಚ್ಚು), ಹಿಂದೆ ಎರಡು ನಾಚ್ ಹಾಕುತ್ತಾರೆ. ಹೊಸಬರು ಮೊದಲ ಸೆಮಿಸ್ಟರ್‌ನಲ್ಲಿ ತೋಳು ಬಿಚ್ಚಿ ಹೊಲಿಯುವಷ್ಟು ಇನ್ನೇನನ್ನೂ ಬಿಚ್ಚಿ ಹೊಲಿಯುವುದಿಲ್ಲ.

ಮಸ್ಲಿನ್ ಅಂದರೇನು? ಯಾಕೆ ಎಲ್ಲವನ್ನೂ ಎರಡೆರಡು ಸಲ ಹೊಲಿಸುತ್ತಾರೆ?

ಅಮೆರಿಕದ ಕ್ಲಾಸುಗಳಲ್ಲಿ ಮಸ್ಲಿನ್ ಅಂದರೆ ಅಗ್ಗದ ಕೋರಾ ಹತ್ತಿ ಬಟ್ಟೆ. ಅದರಲ್ಲಿ ಹೊಲಿದ ಟ್ರಯಲ್ ಉಡುಪಿಗೂ ಅದೇ ಹೆಸರು. ಒಳ್ಳೆಯ ಬಟ್ಟೆಗೆ ಕತ್ತರಿ ಹಾಕುವ ಮೊದಲು ಇದನ್ನು ಹೊಲಿದು, ಮೈಗೆ ಹಾಕಿ, ಸುಕ್ಕು ಓದುತ್ತಾರೆ.

ಹೌದು, ಸುಕ್ಕನ್ನು ಓದಲು ಕಲಿಯಬೇಕು. ಎದೆಯ ತುದಿಯ ಕಡೆಗೆ ಓರೆ ಗೆರೆಗಳು ಎಳೆದ ಹಾಗೆ ಬಂದರೆ ಅಲ್ಲಿ ಬಟ್ಟೆ ಸಾಲದು. ಕತ್ತಿನ ಹಿಂದೆ ಅಡ್ಡಕ್ಕೆ ಒಂದು ಮಡಿಕೆ ಕೂತರೆ ಅಲ್ಲಿ ಉದ್ದ ಜಾಸ್ತಿಯಾಗಿದೆ. ಪಕ್ಕದ ಹೊಲಿಗೆ ನೆಟ್ಟಗೆ ಇಳಿಯದೆ ಮುಂದಕ್ಕೆ ವಾಲಿದರೆ ಮುಂಭಾಗ ಚಿಕ್ಕದಾಗಿ ಎಳೆಯುತ್ತಿದೆ. ಮೇಷ್ಟ್ರು ಬಂದು ಎರಡು ಪಿನ್ ಚುಚ್ಚುತ್ತಾರೆ, ಒಂದು ಕಡೆ ಕತ್ತರಿಯಿಂದ ಸೀಳುತ್ತಾರೆ. ಅಷ್ಟಕ್ಕೇ ಎಲ್ಲ ಸಡಿಲವಾಗುತ್ತದೆ. ಆ ತಿದ್ದುಪಡಿಯನ್ನು ವಾಪಸ್ ಕಾಗದಕ್ಕೆ ಇಳಿಸುವುದು ನಿಮ್ಮ ಮನೆಗೆಲಸ. ಇದು ಯೂಟ್ಯೂಬ್ ನೋಡಿ ಬರುವ ವಿದ್ಯೆ ಅಲ್ಲ. ಪಕ್ಕದಲ್ಲಿ ಗೊತ್ತಿದ್ದವರು ನಿಂತಿರಲೇಬೇಕು. ಕಾಲೇಜಿಗೆ ದುಡ್ಡು ಕೊಡುವುದು ಮುಖ್ಯವಾಗಿ ಇದಕ್ಕೆ.

ಬಟ್ಟೆಯ ಬಗ್ಗೆ ಪಾಠ ಇರುತ್ತದಾ?

ಇರುತ್ತದೆ, ಮತ್ತು ಬಹಳ ಜನ ಅದನ್ನು ಹಗುರವಾಗಿ ತೆಗೆದುಕೊಳ್ಳುತ್ತಾರೆ. ಹಾಸು ಯಾವುದು, ಹೊಕ್ಕು ಯಾವುದು, ನೇಯ್ದ ಬಟ್ಟೆಗೂ ಹೆಣೆದ ಬಟ್ಟೆಗೂ ಏನು ವ್ಯತ್ಯಾಸ, ಯಾವುದು ಒಗೆದರೆ ಕುಗ್ಗುತ್ತದೆ ಅಂತೆಲ್ಲ. 45 ಡಿಗ್ರಿ ಕ್ರಾಸ್‌ನಲ್ಲಿ ಕತ್ತರಿಸಿದ ನೇಯ್ಗೆ ಬಟ್ಟೆ ಹಿಗ್ಗುತ್ತದೆ, ಮೈಗೆ ಅಂಟಿಕೊಂಡು ಇಳಿಯುತ್ತದೆ. ಪ್ಯಾರಿಸ್‌ನ ಮದಲಿನ್ ವಿಯೊನೆ 1920ರ ದಶಕದಲ್ಲಿ ಹೆಸರು ಮಾಡಿದ್ದು ಈ ಕ್ರಾಸ್ ಕಟ್‌ನಿಂದಲೇ. ಚಂದ ಇದೆ ಅಂತ ಬಟ್ಟೆ ಉಳಿಸಲು ಹೋಗಿ ಗ್ರೇನ್, ಅಂದರೆ ಎಳೆಯ ದಿಕ್ಕು, ತಪ್ಪಿಸಿ ಕತ್ತರಿಸಿದರೆ ಪ್ಯಾಂಟಿನ ಕಾಲು ತಿರುಚಿಕೊಳ್ಳುತ್ತದೆ. ಆಮೇಲೆ ಎಷ್ಟು ಇಸ್ತ್ರಿ ಹಾಕಿದರೂ ಸರಿಯಾಗಲ್ಲ.

ಲೆಕ್ಕ ಬೇಕಾ?

ಬೇಕು, ಆದರೆ ಹೈಸ್ಕೂಲ್ ಲೆಕ್ಕ ಸಾಕು. ಇಲ್ಲಿ ಎಲ್ಲವೂ ಇಂಚಿನಲ್ಲಿ ಇರುವುದರಿಂದ ಎಂಟನೇ ಒಂದು, ಹದಿನಾರನೇ ಒಂದು ಅಂತ ಭಿನ್ನರಾಶಿಗಳೇ ಜಾಸ್ತಿ. ಪೂರ್ತಿ ವೃತ್ತದ ಸ್ಕರ್ಟ್ ಬೇಕು, ಸೊಂಟ 28 ಇಂಚು ಅನ್ನಿ. 28ನ್ನು 6.28ರಿಂದ ಭಾಗಿಸಿದರೆ ಸುಮಾರು ನಾಲ್ಕೂವರೆ. ಅಷ್ಟು ತ್ರಿಜ್ಯದಲ್ಲಿ ಸೊಂಟದ ಗೆರೆ ಎಳೆದರೆ ಆಯಿತು. ಹೊಲಿದ ಮೇಲೆ ಒಂದು ರಾತ್ರಿ ನೇತು ಹಾಕಿ, ಆಮೇಲೆ ಅಂಚು ಮಡಚಿ. ಕ್ರಾಸ್ ಬರುವ ಕಡೆ ಬಟ್ಟೆ ಜೋತು ಬಿದ್ದು ಉದ್ದವಾಗಿರುತ್ತದೆ.

ಕಂಪ್ಯೂಟರ್?

ಅಡೋಬಿ ಇಲಸ್ಟ್ರೇಟರ್ ಚೆನ್ನಾಗಿ ಬರಲೇಬೇಕು, ಫೋಟೋಶಾಪ್ ತಕ್ಕಮಟ್ಟಿಗೆ. ಪ್ಯಾಟರ್ನ್‌ಗೆ ಗರ್ಬರ್ ಅಥವಾ ಲೆಕ್ಟ್ರಾ. 2021ರಲ್ಲಿ ಲೆಕ್ಟ್ರಾ ಕಂಪನಿ ಗರ್ಬರನ್ನು ಕೊಂಡುಕೊಂಡಿತು, ಆದರೂ ಎರಡು ಸಾಫ್ಟ್‌ವೇರ್‌ಗಳ ಹೆಸರೂ ಬಳಕೆಯಲ್ಲಿವೆ. ಮೈಮೇಲೆ ಬಟ್ಟೆ ಹೇಗೆ ಬೀಳುತ್ತದೆ ಅಂತ ಸ್ಕ್ರೀನ್ ಮೇಲೆ ತೋರಿಸುವ ಕ್ಲೋ ತ್ರೀಡಿ ಕಲಿಸುವ ಕಾಲೇಜಾದರೆ ಒಳ್ಳೆಯದು. ಎಂಜಿನಿಯರಿಂಗ್ ಓದಿದವರಿಗೆ ಇದು ಬೇಗ ಹತ್ತುತ್ತದೆ.

ಕಮ್ಯುನಿಟಿ ಕಾಲೇಜಾ, ಹೆಸರಿರುವ ಫ್ಯಾಷನ್ ಶಾಲೆನಾ?

ಕಮ್ಯುನಿಟಿ ಕಾಲೇಜು ಅಂದರೆ ಸ್ಥಳೀಯರಿಗಾಗಿ ಇರುವ, ಮುಖ್ಯವಾಗಿ ಎರಡು ವರ್ಷದ ಸರ್ಕಾರಿ ಕಾಲೇಜು. ನ್ಯೂಯಾರ್ಕಿನ ಫ್ಯಾಷನ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ, ಅಂದರೆ ಎಫ್‌ಐಟಿ, 1944ರಲ್ಲಿ ಶುರುವಾಗಿದ್ದು. ಇದು ರಾಜ್ಯ ಸರ್ಕಾರದ ವಿಶ್ವವಿದ್ಯಾಲಯದ ಭಾಗ. ಹಾಗಾಗಿ ಖಾಸಗಿ ಡಿಸೈನ್ ಶಾಲೆಗಳಿಗಿಂತ ಫೀಸು ಬಹಳ ಕಡಿಮೆ. ಮೊದಲ ಎರಡು ವರ್ಷಕ್ಕೆ ಎ.ಎ.ಎಸ್., ಬೇಕಾದರೆ ಮುಂದಿನ ಎರಡು ವರ್ಷಕ್ಕೆ ಬ್ಯಾಚುಲರ್. ಬಟ್ಟೆ ವ್ಯಾಪಾರದ ಬಡಾವಣೆಯಾದ ಗಾರ್ಮೆಂಟ್ ಡಿಸ್ಟ್ರಿಕ್ಟ್ ನಡೆದು ಹೋಗುವಷ್ಟು ಹತ್ತಿರ. ಲಾಸ್ ಏಂಜಲೀಸ್ ಕಡೆ ಲಾಸ್ ಏಂಜಲೀಸ್ ಟ್ರೇಡ್ ಟೆಕ್ನಿಕಲ್ ಕಾಲೇಜಿನಂಥ ಕಮ್ಯುನಿಟಿ ಕಾಲೇಜುಗಳಲ್ಲಿ ಹಳೆಯ, ಗಟ್ಟಿಯಾದ ಫ್ಯಾಷನ್ ವಿಭಾಗಗಳಿವೆ.

ನನ್ನ ಅಭಿಪ್ರಾಯ ಕೇಳಿದರೆ ಹೆಸರಿಗಿಂತ ಲ್ಯಾಬ್ ನೋಡಿ. ಒಬ್ಬೊಬ್ಬರಿಗೂ ಒಂದು ಮೆಷಿನ್, ಒಂದು ಫಾರ್ಮ್ ಇದೆಯಾ? ಸಂಜೆ, ಶನಿವಾರ ಲ್ಯಾಬ್ ತೆರೆದಿರುತ್ತದಾ? ಪಾಠ ಮಾಡುವವರು ಕೆಲಸ ಮಾಡಿ ಬಂದವರಾ? ಈ ಮೂರಕ್ಕೂ ಹೌದು ಅಂದರೆ ಊರ ಪಕ್ಕದ ಕಮ್ಯುನಿಟಿ ಕಾಲೇಜೂ ಸಾಕು. ಕಾಲೇಜಿಗೆ ಅಕ್ರೆಡಿಟೇಶನ್ (ಅಧಿಕೃತ ಮಾನ್ಯತೆ) ಇದೆಯಾ ಅಂತ ಮಾತ್ರ ಖಾತ್ರಿ ಮಾಡಿಕೊಳ್ಳಿ.

ಖರ್ಚು ಎಷ್ಟು?

ನೀವು ಯಾವ ರಾಜ್ಯದಲ್ಲಿದ್ದೀರಿ, ನಿಮ್ಮ ವೀಸಾ ಏನು ಅನ್ನುವುದರ ಮೇಲೆ ನಿಂತಿದೆ. ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜುಗಳಲ್ಲಿ ಆ ರಾಜ್ಯದವರಿಗೆ ಯೂನಿಟ್‌ಗೆ (ಅಲ್ಲಿ ಕ್ರೆಡಿಟ್‌ಗೆ ಇದೇ ಹೆಸರು) 46 ಡಾಲರ್. 60 ಯೂನಿಟ್‌ಗೆ 2,760 ಡಾಲರ್. ಅದೇ ಕಾಲೇಜಿನಲ್ಲಿ ಹೊರಗಿನವರು ಇದರ ಹಲವು ಪಟ್ಟು ಕಟ್ಟಬೇಕು. ಖಾಸಗಿ ಶಾಲೆಗಳಲ್ಲಿ ಒಂದು ವರ್ಷಕ್ಕೇ ಹತ್ತಾರು ಸಾವಿರ ಡಾಲರ್. ಪೆಲ್ ಗ್ರಾಂಟ್‌ನಂಥ ಕೇಂದ್ರ ಸರ್ಕಾರದ ನೆರವು ಸಿಗುವುದು ನಾಗರಿಕರಿಗೆ, ಗ್ರೀನ್ ಕಾರ್ಡ್ ಇರುವವರಿಗೆ ಮತ್ತು ಇನ್ನು ಕೆಲವು ವರ್ಗದವರಿಗೆ ಮಾತ್ರ.

ಫೀಸಿನ ಹೊರಗೆ ಸಾಮಾನಿನ ಖರ್ಚು ಇರುತ್ತದೆ. ಕತ್ತರಿ, ಸ್ಕೇಲುಗಳು, ಪ್ಯಾಟರ್ನ್ ಪೇಪರ್, ಬಟ್ಟೆ. ಒಳ್ಳೆಯ ಕತ್ತರಿ ಒಂದು ಕೊಳ್ಳಿ, ಅದನ್ನು ಕಾಗದಕ್ಕೆ ಮುಟ್ಟಿಸಬೇಡಿ. ಮೊದಲ ಸೆಮಿಸ್ಟರ್‌ನಲ್ಲೇ ಸ್ವಂತ ಡ್ರೆಸ್ ಫಾರ್ಮ್ ಕೊಳ್ಳುವ ಆತುರ ಬೇಡ.

ವಾರಕ್ಕೆ ಎಷ್ಟು ಹೊತ್ತು ಬೇಕು?

ಸ್ಟುಡಿಯೊ ಪಾಠಗಳಲ್ಲಿ ಕ್ರೆಡಿಟ್ ಕಡಿಮೆ, ಕೂರುವ ಹೊತ್ತು ಜಾಸ್ತಿ. ಎರಡು ಕ್ರೆಡಿಟ್‌ನ ಡ್ರೇಪಿಂಗ್ ಕ್ಲಾಸಿಗೆ ವಾರಕ್ಕೆ ನಾಲ್ಕು ಗಂಟೆ ಕೂರುವುದು ಮಾಮೂಲು. ಮನೆಗೆಲಸ ಬೇರೆ. ಚಿಕ್ಕ ಮಕ್ಕಳಿದ್ದರೆ ಪಾರ್ಟ್ ಟೈಮ್ ಸೇರಿ ಮೂರು ನಾಲ್ಕು ವರ್ಷದಲ್ಲಿ ಮುಗಿಸಿ. ಯಾರೂ ಏನೂ ಅನ್ನಲ್ಲ.

ನಾನು ಎಚ್-4 ವೀಸಾದಲ್ಲಿದ್ದೇನೆ. ಓದಬಹುದಾ?

ಓದಬಹುದು. ಎಚ್-4 ಅಂದರೆ ಎಚ್-1ಬಿ ಕೆಲಸದ ವೀಸಾದಲ್ಲಿರುವವರ ಗಂಡ, ಹೆಂಡತಿ, ಮಕ್ಕಳಿಗೆ ಸಿಗುವ ವೀಸಾ. ಅದನ್ನು ಬದಲಿಸಬೇಕಾಗಿಲ್ಲ, ಪಾರ್ಟ್ ಟೈಮ್ ಆದರೂ ಸರಿ, ಫುಲ್ ಟೈಮ್ ಆದರೂ ಸರಿ. ಕೆಲವು ರಾಜ್ಯಗಳಲ್ಲಿ ಎಚ್-4ನವರಿಗೂ ಸ್ಥಳೀಯರ ಫೀಸು ಸಿಗುತ್ತದೆ, ಅಡ್ಮಿಶನ್ ಆಫೀಸಿನಲ್ಲಿ ಕೇಳಿ. ಕೆಲಸ ಮಾತ್ರ ಮಾಡುವ ಹಾಗಿಲ್ಲ. ಸಂಬಳದ ಇಂಟರ್ನ್‌ಶಿಪ್ ಕೂಡ ಕೆಲಸವೇ. ಗಂಡನ ಅಥವಾ ಹೆಂಡತಿಯ ಐ-140 (ಗ್ರೀನ್ ಕಾರ್ಡಿಗಾಗಿ ಕಂಪನಿ ಹಾಕುವ ಅರ್ಜಿ) ಮಂಜೂರಾಗಿ, ನಿಮಗೆ ಇಎಡಿ (ಕೆಲಸದ ಪರವಾನಗಿ) ಸಿಕ್ಕಿದ್ದರೆ ಅಡ್ಡಿಯಿಲ್ಲ. ಮಕ್ಕಳ ವಿಷಯದಲ್ಲಿ ಒಂದು ಗಮನಿಸಿ: 21 ತುಂಬಿದ ದಿನ ಎಚ್-4 ಮುಗಿಯುತ್ತದೆ. ಕೋರ್ಸ್ ನಡುವೆ ಆ ದಿನ ಬರುವ ಹಾಗಿದ್ದರೆ ಮೊದಲೇ ಏರ್ಪಾಡು ಮಾಡಿಕೊಳ್ಳಿ.

ಎಫ್-1ನಲ್ಲಿ ಬಂದರೆ ಆಮೇಲೆ ಕೆಲಸ ಸಿಗುತ್ತದಾ?

ಇಲ್ಲಿ ಸ್ವಲ್ಪ ಕಹಿ ಮಾತು ಹೇಳಬೇಕು. ಎಫ್-1 ಅಂದರೆ ವಿದ್ಯಾರ್ಥಿ ವೀಸಾ. ಅದರಲ್ಲಿ ಅಸೋಸಿಯೇಟ್ ಡಿಗ್ರಿಗೂ 12 ತಿಂಗಳ ಓಪಿಟಿ ಇದೆ, ಅಂದರೆ ಓದಿದ ವಿಷಯದಲ್ಲೇ ಕೆಲಸ ಮಾಡುವ ಅನುಮತಿ. ಆದರೆ ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಓದಿದವರಿಗೆ ಸಿಗುವ 24 ತಿಂಗಳ ವಿಸ್ತರಣೆ ಇದಕ್ಕಿಲ್ಲ. ಎಚ್-1ಬಿಗೆ ಕನಿಷ್ಠ ಬ್ಯಾಚುಲರ್ ಡಿಗ್ರಿ ಅಥವಾ ಅದಕ್ಕೆ ಸಮನಾದದ್ದು ಬೇಕು, ಅದೂ ಆ ಕೆಲಸಕ್ಕೆ ಸಂಬಂಧಪಟ್ಟಿದ್ದು. ತಮಾಷೆ ನೋಡಿ, ಅದೇ ಎಚ್-1ಬಿಯಲ್ಲಿ ಹೆಸರಾಂತ ಫ್ಯಾಷನ್ ಮಾಡೆಲ್‌ಗಳಿಗೆ ಪ್ರತ್ಯೇಕ ಜಾಗ ಇದೆ, ಅವರಿಗೆ ಡಿಗ್ರಿ ಬೇಕಿಲ್ಲ. ಬಟ್ಟೆ ಹಾಕಿಕೊಳ್ಳುವವರಿಗೆ ಇರುವ ರಿಯಾಯಿತಿ ಬಟ್ಟೆ ಮಾಡುವವರಿಗಿಲ್ಲ!

ಹಾಗಾಗಿ ಅಮೆರಿಕದಲ್ಲೇ ಉಳಿಯುವುದು ಗುರಿಯಾಗಿದ್ದರೆ ಬರೀ ಎರಡು ವರ್ಷದ ಡಿಗ್ರಿ ನಂಬಿ ಊರಿನಲ್ಲಿ ಸಾಲ ಮಾಡಬೇಡಿ. ನಾಲ್ಕು ವರ್ಷದ ಲೆಕ್ಕ ಹಾಕಿ, ಇಲ್ಲವೇ ಕಲಿತು ವಾಪಸ್ ಹೋಗುವ ಲೆಕ್ಕ ಹಾಕಿ. ವೀಸಾ ನಿಯಮ ಬದಲಾಗುತ್ತಿರುತ್ತದೆ, ಕಾಲೇಜಿನ ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಆಫೀಸಿನ ಮಾತೇ ಕೊನೆಯದು.

ಎಂಥ ಕೆಲಸ ಸಿಗುತ್ತದೆ? ಸಂಬಳ?

ಡಿಸೈನರ್ ಅನ್ನುವ ಪಟ್ಟ ಮೊದಲ ದಿನ ಸಿಗಲ್ಲ. ಅಸಿಸ್ಟೆಂಟ್ ಡಿಸೈನರ್, ಪ್ಯಾಟರ್ನ್ ಮೇಕರ್, ಸ್ಯಾಂಪಲ್ ರೂಮ್ ಕೆಲಸ, ನಾಟಕ ಸಿನಿಮಾಗಳ ವೇಷಭೂಷಣ ವಿಭಾಗ, ಮದುವೆ ಗೌನುಗಳ ಆಲ್ಟರೇಶನ್. ಇವೆಲ್ಲ ಇವೆ.

ಎರಡು ವರ್ಷದ ಡಿಗ್ರಿಗೆ ನಾನು ಮೊದಲು ಹೇಳುವುದು ಟೆಕ್ನಿಕಲ್ ಡಿಸೈನರ್ ಕೆಲಸ. ಹೆಸರು ಯಾರಿಗೂ ಗೊತ್ತಾಗಲ್ಲ, ಆದರೆ ಕಂಪನಿಗಳಿಗೆ ಇವರು ಇಲ್ಲದೆ ನಡೆಯಲ್ಲ. ಕಾರ್ಖಾನೆಯಿಂದ ಸ್ಯಾಂಪಲ್ ಬಂದಾಗ ಅಳೆಯುವುದು, ಮಾಡೆಲ್‌ಗೆ ಹಾಕಿ ಫಿಟ್ ನೋಡುವುದು, ಟೆಕ್ ಪ್ಯಾಕ್ ತಿದ್ದುವುದು ಇವರ ಕೆಲಸ. ಟೆಕ್ ಪ್ಯಾಕ್ ಅಂದರೆ ಕಾರ್ಖಾನೆಗೆ ಕಳಿಸುವ ಪೂರ್ತಿ ವಿವರ: ಫ್ಲಾಟ್ ಚಿತ್ರ, ಅಳತೆ ಪಟ್ಟಿ, ಯಾವ ಹೊಲಿಗೆ, ಯಾವ ದಾರ, ಲೇಬಲ್ ಎಲ್ಲಿ. ಎದೆ ಸುತ್ತಳತೆ ಅರ್ಧ ಇಂಚು ಆಚೀಚೆ ಆದರೆ ಸರಿ, ಅದಕ್ಕಿಂತ ಜಾಸ್ತಿಯಾದರೆ ವಾಪಸ್, ಅಂತ ಟಾಲರೆನ್ಸ್ ಕೂಡ ಬರೆದಿರುತ್ತದೆ. ಆ ಕಾರ್ಖಾನೆ ಢಾಕಾದಲ್ಲಿರಬಹುದು, ಬೆಂಗಳೂರಿನ ಪೀಣ್ಯ ಅಥವಾ ಬೊಮ್ಮನಹಳ್ಳಿಯಲ್ಲೂ ಇರಬಹುದು. ಬೆಂಗಳೂರಿನ ಕಾರ್ಖಾನೆಯವರ ಜೊತೆ ಫೋನಿನಲ್ಲಿ ಮಾತಾಡುವಾಗ ಕನ್ನಡ ಬರುವುದು ದೊಡ್ಡ ಅನುಕೂಲ.

ಸಂಬಳದ ಬಗ್ಗೆ: ಅಮೆರಿಕದ ಕಾರ್ಮಿಕ ಅಂಕಿ ಅಂಶ ಇಲಾಖೆಯ ಇತ್ತೀಚಿನ ಲೆಕ್ಕದಲ್ಲಿ ಫ್ಯಾಷನ್ ಡಿಸೈನರ್‌ಗಳ ಮಧ್ಯಮ ಸಂಬಳ ವರ್ಷಕ್ಕೆ 80 ಸಾವಿರ ಡಾಲರ್ ಆಸುಪಾಸು. ಅದು ಹೊಸಬರ ಸಂಬಳ ಅಲ್ಲ. ಈ ಕೆಲಸಕ್ಕೆ ಸಾಮಾನ್ಯವಾಗಿ ಬ್ಯಾಚುಲರ್ ಡಿಗ್ರಿ ಕೇಳುತ್ತಾರೆ ಅಂತಲೂ ಅದೇ ಇಲಾಖೆ ಹೇಳುತ್ತದೆ. ಕೆಲಸಗಳು ಹೆಚ್ಚಾಗಿ ಇರುವುದು ನ್ಯೂಯಾರ್ಕ್ ಮತ್ತು ಕ್ಯಾಲಿಫೋರ್ನಿಯಾದಲ್ಲಿ.

ಮುಂದೆ ನಾಲ್ಕು ವರ್ಷದ ಕಾಲೇಜಿಗೆ ಈ ಕ್ರೆಡಿಟ್ ನಡೆಯುತ್ತದಾ?

ಇಂಗ್ಲಿಷ್, ಲೆಕ್ಕ, ಕಲಾ ಇತಿಹಾಸದಂಥವು ಸುಲಭವಾಗಿ ನಡೆಯುತ್ತವೆ. ಸ್ಟುಡಿಯೊ ಪಾಠಗಳದ್ದೇ ತಕರಾರು. "ನಮ್ಮ ಡ್ರೇಪಿಂಗ್ ಬೇರೆ, ಮತ್ತೆ ಮಾಡಿ" ಅನ್ನುವ ಕಾಲೇಜುಗಳಿವೆ. ಎ.ಎ.ಎಸ್.ನಲ್ಲಿ ಸ್ಟುಡಿಯೊ ಪಾಠವೇ ಜಾಸ್ತಿ ಇರುವುದರಿಂದ ಪೆಟ್ಟು ಅದಕ್ಕೇ ಜಾಸ್ತಿ. ಕ್ರೆಡಿಟ್ ಒಪ್ಪಿಕೊಳ್ಳುವ ಒಪ್ಪಂದ ಇರುವ ಕಾಲೇಜುಗಳ ಪಟ್ಟಿ ಕೇಳಿ, ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಊರಿನಲ್ಲಿ ಬಿಇ, ಬಿಕಾಂ ಮುಗಿಸಿ ಬಂದವರು ಅಂಕಪಟ್ಟಿಗಳ ಮೌಲ್ಯಮಾಪನ ಮಾಡಿಸಿದರೆ ಕೆಲವು ಸಾಮಾನ್ಯ ಪಾಠಗಳು ಮಾಫಿಯಾಗಬಹುದು.

ದೊಡ್ಡ ಡಿಸೈನರ್‌ಗಳು ಕಾಲೇಜು ಮುಗಿಸಿಯೇ ಇಲ್ಲವಂತೆ?

ಡಿಸೈನರ್ ಮೈಕಲ್ ಕೋರ್ಸ್ (Michael Kors) ಎಫ್‌ಐಟಿ ಸೇರಿ ನಡುವೆ ಬಿಟ್ಟದ್ದು ನಿಜ. ಆದರೆ ಬಿಟ್ಟು ಮನೆಯಲ್ಲಿ ಕೂರಲಿಲ್ಲ. ಮ್ಯಾನ್‌ಹ್ಯಾಟನ್‌ನ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುತ್ತಾ ಅಲ್ಲೇ ಡಿಸೈನ್ ಮಾಡುತ್ತಿದ್ದರು.

ಸ್ವಂತ ಬ್ರ್ಯಾಂಡ್ ಮಾಡಬೇಕು. ಡಿಗ್ರಿ ಬೇಕಾ?

ಕಾನೂನಿಗೆ ಬೇಡ. ಆದರೆ ಉಡುಪು ಮಾರುವುದಕ್ಕೆ ನಿಯಮಗಳಿವೆ. ಯಾವ ನೂಲು ಎಷ್ಟು ಶೇಕಡಾ, ಯಾವ ದೇಶದಲ್ಲಿ ತಯಾರಾಯಿತು, ತಯಾರಿಸಿದ ಅಥವಾ ಮಾರುವ ಕಂಪನಿ ಯಾವುದು, ಹೇಗೆ ಒಗೆಯಬೇಕು, ಇಷ್ಟೂ ಲೇಬಲ್ ಮೇಲೆ ಇರಲೇಬೇಕು. ಮಕ್ಕಳ ರಾತ್ರಿ ಉಡುಪಿಗೆ ಬೆಂಕಿ ಹತ್ತುವ ಪರೀಕ್ಷೆಯ ನಿಯಮ ಬೇರೆ. ಮಕ್ಕಳ ಬಟ್ಟೆಯಿಂದ ಶುರು ಮಾಡುತ್ತೇನೆ ಅನ್ನುವವರು ಇದನ್ನು ಮೊದಲು ಓದಿ.

ನನ್ನ ಡಿಸೈನ್ ಕದ್ದರೆ?

ಅಮೆರಿಕದಲ್ಲಿ ಉಡುಪಿನ ಕಟ್‌ಗೆ ಕಾಪಿರೈಟ್ ಸಿಗಲ್ಲ, ಅದು ಬಳಕೆಯ ವಸ್ತು ಅಂತ ಲೆಕ್ಕ. ಬಟ್ಟೆಯ ಮೇಲಿನ ಪ್ರಿಂಟ್‌ಗೆ ಸಿಗುತ್ತದೆ. 2017ರಲ್ಲಿ ಸ್ಟಾರ್ ಅಥ್ಲೆಟಿಕಾ ಮತ್ತು ವಾರ್ಸಿಟಿ ಬ್ರ್ಯಾಂಡ್ಸ್ ನಡುವಿನ ಚಿಯರ್‌ಲೀಡರ್ ಸಮವಸ್ತ್ರದ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಒಂದು ಅಳತೆಗೋಲು ಕೊಟ್ಟಿತು. ಉಡುಪಿನಿಂದ ಬೇರ್ಪಡಿಸಿ ನೋಡಬಹುದಾದ ಚಿತ್ರ, ವಿನ್ಯಾಸಕ್ಕೆ ರಕ್ಷಣೆ ಸಿಗಬಹುದು ಅಂತ. ಉಡುಪಿನ ಆಕಾರಕ್ಕೆ ಆಗಲೂ ಸಿಗಲಿಲ್ಲ.

ಪೋರ್ಟ್‌ಫೋಲಿಯೊದಲ್ಲಿ ಏನಿಡಬೇಕು?

ಕಮ್ಯುನಿಟಿ ಕಾಲೇಜುಗಳು ಹೆಚ್ಚಾಗಿ ಕೇಳುವುದಿಲ್ಲ, ಎಫ್‌ಐಟಿಯಂಥವು ಕೇಳುತ್ತವೆ. ಸ್ಕೆಚ್‌ಗಳ ಜೊತೆ ನೀವೇ ಹೊಲಿದ ಉಡುಪಿನ ಫೋಟೊ ಇಡಿ. ಒಳಗಿನ ಹೊಲಿಗೆ ಕಾಣುವ ಹಾಗೆ ಒಂದು ಫೋಟೊ ಇದ್ದರೆ ಇನ್ನೂ ಒಳ್ಳೆಯದು. ನೆಟ್‌ನಲ್ಲಿ ನೋಡಿ ಬರೆದ ಸಿನಿಮಾ ತಾರೆಯರ ಚಿತ್ರ ಬೇಡ. ಅಜ್ಜಿಯ ಇಳಕಲ್ ಸೀರೆ ಕತ್ತರಿಸಿ ಗೌನು ಮಾಡಿದ್ದೇನೆ ಅಂತ ತೋರಿಸುವವರು ಬಹಳ ಜನ. ಸೀರೆ ಉಳಿಸಿಕೊಳ್ಳಿ, ಅದರ ಟೋಪ್ ತೆನಿ ಸೆರಗಿನಿಂದ ಏನು ಹೊಸದು ಹೊಳೆಯಿತು ಅನ್ನುವುದನ್ನು ತೋರಿಸಿ.

ಸೇರುವ ಮೊದಲು ಮನೆಯಲ್ಲೇ ಏನಾದರೂ ಮಾಡಬಹುದಾ?

ಹಳೆಯ ಕಾಲರ್ ಶರ್ಟ್ ಒಂದನ್ನು ತೆಗೆದುಕೊಂಡು ಹೊಲಿಗೆ ಬಿಚ್ಚುವ ಕೊಕ್ಕೆಯಿಂದ ಪೂರ್ತಿ ಬಿಚ್ಚಿ. ಕತ್ತರಿಸಬೇಡಿ, ಹೊಲಿಗೆ ಮಾತ್ರ ಬಿಚ್ಚಿ. ಯಾವುದರ ಮೇಲೆ ಯಾವುದು ಹೊಲಿದಿದ್ದಾರೆ ಅಂತ ಬಿಚ್ಚುತ್ತಾ ಬರೆದಿಟ್ಟುಕೊಳ್ಳಿ. ಎಲ್ಲ ತುಂಡುಗಳಿಗೆ ಇಸ್ತ್ರಿ ಹಾಕಿ, ಕಾಗದದ ಮೇಲಿಟ್ಟು ಸುತ್ತ ಗೆರೆ ಎಳೆಯಿರಿ. ಕಾಲರ್‌ನ ಮೇಲಿನ ಪದರ ಕೆಳಗಿನದಕ್ಕಿಂತ ಕೂದಲೆಳೆಯಷ್ಟು ದೊಡ್ಡದಿದೆಯಾ, ಅಳೆದು ನೋಡಿ. ಆಮೇಲೆ ಬರೆದಿಟ್ಟದ್ದನ್ನು ಕೊನೆಯಿಂದ ಮೊದಲಿಗೆ ಓದುತ್ತಾ ಮತ್ತೆ ಹೊಲಿಯಿರಿ.